ಅಡುಗೆಮನೆಯ ಧನಿಯಾವೋ, ಅಂಗಡಿಯ ಪೊಟ್ಟಣವೋ? ಮನೆಯಲ್ಲಿ ಕೊತ್ತಂಬರಿ ಬಿತ್ತುವವರಿಗೆ ಒಂದು ಹೋಲಿಕೆ

ತರಕಾರಿ ತೂಗಿ ಕೊಟ್ಟ ಮೇಲೆ ನಾಲ್ಕು ಎಸಳು ಕರಿಬೇವು, ಐದಾರು ಕಡ್ಡಿ ಕೊತ್ತಂಬರಿಯನ್ನು ಕೇಳದೆಯೇ ಚೀಲಕ್ಕೆ ಸೇರಿಸುವ ವಾಡಿಕೆ ನಮ್ಮ ಸಂತೆಗಳಲ್ಲಿ ಇಂದಿಗೂ ಇದೆ. ಏಪ್ರಿಲ್ ಬಂತೆಂದರೆ ಕರಿಬೇವು ಬರುತ್ತದೆ, ಕೊತ್ತಂಬರಿ ಬರುವುದಿಲ್ಲ. ಕೇಳಿದರೆ ಕಟ್ಟಿನ ಬೆಲೆ ಹೇಳುತ್ತಾರೆ. ಆ ಬೆಲೆ ಕಿವಿಗೆ ಬಿದ್ದ ದಿನವೇ ಎಷ್ಟೋ ಮಂದಿ ಮನೆಯಲ್ಲಿ ಬೆಳೆದುಕೊಳ್ಳೋಣ ಎಂದು ತೀರ್ಮಾನಿಸುತ್ತಾರೆ. ಕುಂಡ ತರುತ್ತಾರೆ, ಬೀಜ ಉದುರಿಸುತ್ತಾರೆ, ಹತ್ತು ದಿನ ಕಾಯುತ್ತಾರೆ. ಮೊಳಕೆ ಬಾರದಿದ್ದರೆ, ಬಂದದ್ದು ಬಾಗಿ ಬಿದ್ದರೆ ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ. ಕೈಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾರುಕಟ್ಟೆಯಲ್ಲಿ ಕೊತ್ತಂಬರಿ ದುಬಾರಿಯಾಗುವುದೇ ಹೊಲದಲ್ಲಿ ಅದು ಸರಿಯಾಗಿ ಬಾರದ ಕಾಲದಲ್ಲಿ. ಹೊಲದಲ್ಲಿ ಬಾರದ್ದು ಬಾಲ್ಕನಿಯ ಕುಂಡದಲ್ಲಿ ಹೇಗೆ ಬಂದೀತು?

ಬೆಂಗಳೂರಿನ ಎರಡನೇ ಮಹಡಿಯ ಮನೆಯಲ್ಲಿ ಒಂಬತ್ತು ವರ್ಷಗಳಿಂದ ನಾನು ಕೊತ್ತಂಬರಿ ಬಿತ್ತುತ್ತಿದ್ದೇನೆ. ಅದಕ್ಕೂ ಮೊದಲು ಧಾರವಾಡದ ಕಡೆಯ ನಮ್ಮ ಎರೆಹೊಲದಲ್ಲಿ, ಹಿಂಗಾರಿ ಕಡಲೆಯ ನಡುವಿನ ಅಕ್ಕಡಿ ಸಾಲಿನಲ್ಲಿ ಅದು ಯಾರ ಉಪಚಾರವೂ ಇಲ್ಲದೆ ಬೆಳೆಯುವುದನ್ನು ನೋಡಿದ್ದೆ. ಹೊಲದಲ್ಲಿ ಅಷ್ಟು ಸರಾಗವಾಗಿ ಬರುತ್ತಿದ್ದ ಬೆಳೆ ಕುಂಡದಲ್ಲಿ ಏಕೆ ಇಷ್ಟು ಕಾಡುತ್ತದೆ ಎಂಬ ಪ್ರಶ್ನೆಯಿಂದಲೇ ನನ್ನ ಕಲಿಕೆ ಆರಂಭವಾಯಿತು. ಸಾಮಾನ್ಯವಾಗಿ ನಾವು ಮೊದಲು ಕುಂಡ ಆರಿಸುತ್ತೇವೆ, ಆಮೇಲೆ ಬೀಜ, ಆಮೇಲೆ ಅದನ್ನಿಡಲು ಜಾಗ. ಕಾಲದ ವಿಚಾರ ಕೊನೆಗೂ ಬರುವುದಿಲ್ಲ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಮೊದಲು ಕಾಲ, ನಂತರ ಜಾಗ, ಅದಕ್ಕೊಪ್ಪುವ ಬೀಜ, ಮಣ್ಣು. ಕುಂಡದ ಆಯ್ಕೆ ಕಟ್ಟಕಡೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಚಳಿಗಾಲ, ಮಳೆಗಾಲ, ಬೇಸಿಗೆ

ಕೊತ್ತಂಬರಿಗೆ ಹಿತವೆನಿಸುವುದು 15ರಿಂದ 25 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಬೀಜ ಮೊಳೆಯುವುದು ತಡವಾಗುತ್ತದೆ. ಮೊಳೆತ ಗಿಡವೂ ಎಲೆ ಬಿಡುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೂದಂಟು ಎಬ್ಬಿಸುತ್ತದೆ. ಒಮ್ಮೆ ಹೂದಂಟು ಎದ್ದರೆ ಬುಡದ ಅಗಲವಾದ ಬೀಸಣಿಗೆಯಂತಹ ಎಲೆಗಳು ನಿಂತು, ಸಬ್ಬಸಿಗೆಯನ್ನು ನೆನಪಿಸುವ ನವಿರಾದ ಸೀಳೆಲೆಗಳು ಬರುತ್ತವೆ. ಸಬ್ಬಸಿಗೆ, ಜೀರಿಗೆ, ಓಮ, ಗಜ್ಜರಿ ಎಲ್ಲವೂ ಇದರ ಬಳಗವೇ. ಆ ಹಂತದಲ್ಲಿ ದಂಟು ಚಿವುಟಿದರೆ ಒಂದೆರಡು ವಾರ ತಡೆಯಬಹುದು, ಗಿಡವನ್ನು ಮತ್ತೆ ಎಲೆಯ ಹಾದಿಗೆ ತರಲಾಗದು.

ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲಿನ ಉಷ್ಣತೆ ಸುಮಾರು 27 ಡಿಗ್ರಿ, ಏಪ್ರಿಲಿನಲ್ಲಿ 34ರ ಆಸುಪಾಸು. ಹಾಗಾಗಿ ನನ್ನ ಲೆಕ್ಕ ಸರಳ: ಆಯುಧಪೂಜೆ ಮುಗಿದ ವಾರ ಮೊದಲ ಬಿತ್ತನೆ, ಶಿವರಾತ್ರಿಯ ಹೊತ್ತಿಗೆ ಕೊನೆಯದು. ಮೈಸೂರು, ಹಾಸನ, ಧಾರವಾಡ, ಬೆಳಗಾವಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ. ಕಲಬುರಗಿ, ರಾಯಚೂರಿನವರು ನವೆಂಬರಿನಿಂದ ಜನವರಿಯವರೆಗಿನ ಮೂರು ತಿಂಗಳನ್ನೇ ನೆಚ್ಚುವುದು ಕ್ಷೇಮ.

ಮಳೆಗಾಲದ ತಂಪು ಕೊತ್ತಂಬರಿಗೆ ಒಗ್ಗುತ್ತದೆ, ಮಳೆಯ ಹೊಡೆತ ಒಗ್ಗುವುದಿಲ್ಲ. ತೆರೆದ ತಾರಸಿಯಲ್ಲಿಟ್ಟರೆ ಎಳೆಯ ಸಸಿಗಳು ನೆಲಕ್ಕೆ ಅಂಟಿಕೊಂಡು ಬುಡ ಕೊಳೆಯುತ್ತವೆ. ಸಜ್ಜಾದ ಕೆಳಗೆ, ಹನಿ ನೇರವಾಗಿ ಬೀಳದ ಕಡೆ ಇಟ್ಟರೆ ಜುಲೈ, ಆಗಸ್ಟಿನಲ್ಲೂ ಒಳ್ಳೆಯ ಬೆಳೆ ತೆಗೆಯಬಹುದು. ಅಂದರೆ ಮಳೆಗಾಲದಲ್ಲಿ ತಾರಸಿಗಿಂತ ಬಾಲ್ಕನಿ ಮೇಲು. ಚಳಿಗಾಲದಲ್ಲಿ ತಾರಸಿಯೇ ಮೇಲು.

ಬೇಸಿಗೆಯಲ್ಲಿ ಅರ್ಧ ನೆರಳಿನ ಹಸಿರು ಬಲೆ ಕಟ್ಟಿ, ಬೆಳಗ್ಗೆ ಸಂಜೆ ನೀರುಣಿಸಿ ಬೆಳೆಯುವವರಿದ್ದಾರೆ. ನಾನೂ ಮೂರು ಬೇಸಿಗೆ ಪ್ರಯತ್ನಿಸಿದೆ. ಮೂರು ಸಲವೂ ಎಲೆ ಸಿಕ್ಕಿತು, ಪಟ್ಟ ಶ್ರಮಕ್ಕೆ ತಕ್ಕಷ್ಟು ಸಿಗಲಿಲ್ಲ. ಮಾರ್ಚಿನಿಂದ ಮೇ ತನಕ ಆ ಜಾಗವನ್ನು ಪುದೀನಕ್ಕೋ ಹರಿವೆಗೋ ಬಿಟ್ಟುಕೊಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಹೂದಂಟು ಏಳಲು ಸೆಖೆಯೊಂದೇ ಕಾರಣವಲ್ಲ, ಹಗಲಿನ ಉದ್ದವೂ ಕಾರಣ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ. ಅಲ್ಲಿ ಮೇ ತಿಂಗಳಲ್ಲಿ ಬಿತ್ತಿದ ಗಿಡ ತಂಪಿನಲ್ಲಿದ್ದರೂ ಬೇಗ ಹೂವಿಗೆ ನಿಲ್ಲುವುದು ಇದರಿಂದಲೇ. ಅಲ್ಲಿನವರು ಬೇಸಿಗೆಯ ಆರಂಭಕ್ಕಿಂತ ಬೇಸಿಗೆಯ ಕೊನೆಗೆ, ಹಗಲು ಇಳಿಮುಖವಾದ ಮೇಲೆ ಬಿತ್ತಿದರೆ ಹೆಚ್ಚು ದಿನ ಎಲೆ ಕೊಯ್ಯಬಹುದು.

ಬಾಲ್ಕನಿ ಯಾವ ದಿಕ್ಕಿಗಿದೆ?

ದಿನಕ್ಕೆ ನಾಲ್ಕೈದು ಗಂಟೆಯ ಎಳೆಬಿಸಿಲು ಸಿಕ್ಕರೆ ಕೊತ್ತಂಬರಿ ತೃಪ್ತ. ಹಾಗಾಗಿ ಪೂರ್ವದ ಬಾಲ್ಕನಿಗೆ ಮೊದಲ ಸ್ಥಾನ. ಪಶ್ಚಿಮದ್ದಾದರೆ ಚಳಿಗಾಲಕ್ಕೆ ಅಡ್ಡಿಯಿಲ್ಲ. ಫೆಬ್ರವರಿ ಕಳೆದ ಮೇಲೆ ಮಧ್ಯಾಹ್ನದ ಬಿಸಿಲು ಗೋಡೆಗೆ ಬಡಿದು ಕುಂಡವೇ ಕಾಯುತ್ತದೆ.

ದಕ್ಷಿಣದ ಬಾಲ್ಕನಿಯನ್ನು ಜನ ಸುಮ್ಮನೆ ಅನುಮಾನಿಸುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ಬಂದು ನೆರಳೇ ಬೀಳದ ದಿನವಿರುತ್ತದೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ. ಈ ಎರಡರ ನಡುವೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಸೋಕುವುದೇ ಅಪರೂಪ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿ ಅದೇ ಬಾಲ್ಕನಿಯ ಒಳಗೋಡೆಯವರೆಗೂ ಬೆಳಕು ಚೆಲ್ಲುತ್ತಾನೆ. ಕೊತ್ತಂಬರಿಯ ಕಾಲವೂ ಅದೇ ಅಲ್ಲವೇ! ನನ್ನ ಪೂರ್ವದ ಬಾಲ್ಕನಿಯ ಬೆಳೆಗಿಂತ ಎದುರು ಮನೆಯವರ ದಕ್ಷಿಣದ ಬಾಲ್ಕನಿಯ ಬೆಳೆ ಜನವರಿಯಲ್ಲಿ ದಟ್ಟವಾಗಿರುವುದನ್ನು ಕಂಡ ಮೇಲೆ ಈ ಲೆಕ್ಕ ನನಗೆ ಹೊಳೆಯಿತು.

ಉತ್ತರದ ಬಾಲ್ಕನಿಯಲ್ಲಿ ಚಳಿಗಾಲದಲ್ಲಿ ಬಿಸಿಲಿಲ್ಲ. ಸಸಿಗಳು ಬೆಳಕನ್ನರಸಿ ದಾರದಂತೆ ಉದ್ದವಾಗಿ ಮಗುಚಿಕೊಳ್ಳುತ್ತವೆ. ಅಂಥವರು ಈ ಬರಹದ ಕೊನೆಯಲ್ಲಿ ಬರುವ ಕಾಡುಕೊತ್ತಂಬರಿಯನ್ನು ಪರಿಗಣಿಸಬಹುದು.

ಬೀಜ: ಡಬ್ಬಿಯದ್ದೋ, ಪೊಟ್ಟಣದ್ದೋ, ಬಹುಕೊಯ್ಲಿನ ತಳಿಯೋ

ಸಾರಿನ ಪುಡಿಗೆಂದು ತಂದ ಧನಿಯಾ, ಕೆಲವೆಡೆ ಹವೀಜ ಎನ್ನುವರಲ್ಲ, ಅದನ್ನೇ ಬಿತ್ತಿದರೆ ಮೊಳೆಯುತ್ತದೆಯೇ? ಹೊಸದಾಗಿದ್ದರೆ ಖಂಡಿತ ಮೊಳೆಯುತ್ತದೆ. ಖರ್ಚಿಲ್ಲ, ಔಷಧ ಲೇಪಿಸಿರುವ ಭಯವಿಲ್ಲ, ಮಿಕ್ಕದ್ದನ್ನು ಹುರಿದು ಪುಡಿ ಮಾಡಬಹುದು. ಆದರೆ ಅಂಗಡಿಗೆ ಬರುವ ಧನಿಯಾದ ದೊಡ್ಡ ಪಾಲು ರಾಜಸ್ಥಾನದ ರಾಮಗಂಜ್ ಮಂಡಿ, ಗುಜರಾತಿನ ಗೊಂಡಲ್, ಮಧ್ಯಪ್ರದೇಶದ ಕುಂಭರಾಜ್‌ನಂತಹ ಮಾರುಕಟ್ಟೆಗಳ ಮೂಲಕ ಹಾದು ಬಂದದ್ದು. ಅಲ್ಲಿನ ರೈತರು ಬೆಳೆಯುವುದು ಕಾಳಿಗಾಗಿ. ಕಾಳಿನ ಬೆಳೆಗೆ ಬೇಗ ಹೂ ಬಿಡುವುದು, ಒಟ್ಟಿಗೆ ಮಾಗುವುದು ಒಳ್ಳೆಯ ಗುಣ. ಸೊಪ್ಪು ಬೇಕಾದ ನಮಗೆ ಅದೇ ಗುಣ ತೊಡಕು. ಡಬ್ಬಿಯ ಧನಿಯಾ ಬಿತ್ತಿದವರ ಗಿಡ ಬೇಗ ಹೂ ಬಿಟ್ಟಿತೆಂದರೆ ಅದು ತನ್ನ ತಳಿಯ ಸ್ವಭಾವದಂತೆಯೇ ನಡೆದುಕೊಂಡಿರುತ್ತದೆ.

ಪೊಟ್ಟಣದ ಬೀಜದಲ್ಲಿ ಸೊಪ್ಪಿಗೆಂದೇ ಆರಿಸಿದ ತಳಿ ಸಿಗುತ್ತದೆ ಎಂಬುದು ಮುಖ್ಯ ಲಾಭ. ಬಳಕೆಯ ಅವಧಿ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕಗಳನ್ನು ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ಅಂಗಡಿಯಲ್ಲಿ ನಿಂತೇ ಓದಿ. ಒಂದು ವರ್ಷ ನಾನು ಓದದೆ ತಂದ ಪೊಟ್ಟಣದಲ್ಲಿ ಬಿತ್ತಿದ್ದರ ಕಾಲುಭಾಗವೂ ಹುಟ್ಟಲಿಲ್ಲ. ಆಮೇಲೆ ನೋಡಿದರೆ ಬೆಲೆಯ ಚೀಟಿಯ ಅಡಿಯಲ್ಲಿ ಅವಧಿ ಮುಗಿದ ದಿನಾಂಕವಿತ್ತು. ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ: ಗುಲಾಬಿ ಅಥವಾ ಹಸಿರು ಬಣ್ಣ ಬಳಿದ ಬೀಜವೆಂದರೆ ಶಿಲೀಂಧ್ರನಾಶಕ ಲೇಪಿಸಿದ ಬೀಜ. ಮಿಕ್ಕಿದ್ದನ್ನು ಅಪ್ಪಿತಪ್ಪಿಯೂ ಅಡುಗೆಮನೆಯ ಡಬ್ಬಿಗೆ ಸೇರಿಸಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬಿತ್ತಿದ ಮೇಲೆ ಕೈ ತೊಳೆಯಬೇಕು.

ಮೂರನೆಯ ಆಯ್ಕೆ ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ಇಶಾ ತಳಿ ಒಂದೇ ಬಿತ್ತನೆಯಿಂದ ಹಲವು ಸಲ ಕೊಯ್ಯಲು ರೂಪಿಸಿದ್ದು. ಪೊದೆಯಂತೆ ಹರಡುತ್ತದೆ, ಎಲೆ ಅಗಲ, ಹೂವಿಗೆ ತಡವಾಗಿ ಬರುತ್ತದೆ. ಸಂಸ್ಥೆಯ ಬೀಜ ಮಾರಾಟದ ಜಾಲತಾಣದಲ್ಲೂ ತರಿಸಿಕೊಳ್ಳಬಹುದು. ನನ್ನ ಬಾಲ್ಕನಿಯಲ್ಲಿ ನವೆಂಬರಿನಲ್ಲಿ ಬಿತ್ತಿದ ಅರ್ಕಾ ಇಶಾ ಮೂರು ಕೊಯ್ಲು ಕೊಟ್ಟರೆ, ಅದೇ ದಿನ ಪಕ್ಕದ ಕುಂಡಕ್ಕೆ ಹಾಕಿದ ಡಬ್ಬಿಯ ಧನಿಯಾ ಒಂದೂವರೆ ಕೊಯ್ಲು ಕೊಟ್ಟಿತು.

ಹಾಗಿದ್ದರೆ ಡಬ್ಬಿಯ ಧನಿಯಾ ಬೇಡವೇ? ಮೊದಲ ಸಲ ಬಿತ್ತುವವರು, ಮಕ್ಕಳಿಗೆ ಮೊಳಕೆ ತೋರಿಸಬೇಕೆನ್ನುವವರು, ಗಿಡವನ್ನು ಬೇರುಸಹಿತ ಒಂದೇ ಸಲ ಕಿತ್ತು ಬಳಸುವವರು ಧಾರಾಳವಾಗಿ ಅದನ್ನೇ ಬಿತ್ತಲಿ. ವಾರವಾರವೂ ಎಲೆ ಕೊಯ್ಯಬೇಕು ಎನ್ನುವವರು ಬಹುಕೊಯ್ಲಿನ ತಳಿ ತರಲಿ. ಯಾವುದಾದರೂ ಸರಿ, ಬಿತ್ತುವ ಮೊದಲು ಇಪ್ಪತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ದಿನ ಇಟ್ಟು ನೋಡಿ. ಹತ್ತಕ್ಕಿಂತ ಕಡಿಮೆ ಮೊಳೆತರೆ ಆ ಬೀಜಕ್ಕೆ ಮಣ್ಣು ಹೊಂದಿಸುವ ಶ್ರಮ ಬೇಡ.

ಒಡೆದು ಬಿತ್ತುವುದೋ, ಇಡಿಯಾಗಿಯೋ? ನಾವು ಬೀಜ ಎನ್ನುವ ಗುಂಡು ಕಾಳು ವಾಸ್ತವದಲ್ಲಿ ಎರಡು ಬೀಜಗಳನ್ನು ಹೊತ್ತ ಒಣಹಣ್ಣು. ಇಡಿಯಾಗಿ ಬಿತ್ತಿದರೂ ಹುಟ್ಟುತ್ತದೆ, ಒಂದೇ ಕಡೆ ಎರಡು ಸಸಿ ಎದ್ದು ಒಂದಕ್ಕೊಂದು ಪೈಪೋಟಿ ನಡೆಸುತ್ತವೆ. ಒಡೆದರೆ ಬೀಜ ಉಳಿತಾಯವಾಗುತ್ತದೆ, ನೀರು ಬೇಗ ಒಳಗಿಳಿಯುತ್ತದೆ. ಊರಿನಲ್ಲಿ ನಮ್ಮಮ್ಮ ಗೋಣಿಯ ಮೇಲೆ ಹರಡಿ ಅಂಗೈಯಗಲದ ಹಲಗೆಯಿಂದ ಹಗುರಾಗಿ ಉಜ್ಜುತ್ತಿದ್ದರು. ನಾನು ಲಟ್ಟಣಿಗೆ ಉರುಳಿಸುತ್ತೇನೆ. ಎರಡು ಹೋಳಾಗುವಷ್ಟೇ ಒತ್ತಬೇಕು, ಪುಡಿಯಾದದ್ದು ಸಾರಿಗೆ. ಒಡೆದ ಬೀಜವನ್ನು ಎಂಟು-ಹತ್ತು ಗಂಟೆ ನೆನೆಸಿ, ಬಸಿದು, ನೆರಳಿನಲ್ಲಿ ಒಂದಿಷ್ಟು ಆರಿಸಿ ಬಿತ್ತಿದರೆ ಚಳಿಗಾಲದಲ್ಲಿ ಎಂಟನೆಯ ದಿನದಿಂದ ಮೊಳಕೆ ಕಾಣುತ್ತದೆ. ಒಂದು ಚದರ ಅಡಿಗೆ ಎರಡು ಟೀ ಚಮಚ, ಸುಮಾರು 4 ಗ್ರಾಂ, ಸಾಕು. ಅರ್ಧ ಅಂಗುಲ ಮಣ್ಣು ಮುಚ್ಚಿ. ಹದಿನೈದು ದಿನ ತಾಳ್ಮೆಯಿರಲಿ. ಐದನೆಯ ದಿನ ಮಣ್ಣು ಕೆದಕಿ ನೋಡುವುದರಿಂದ ಎಳೆಬೇರು ಮುರಿಯುತ್ತದೆ.

ಸಂತೆಯಿಂದ ತಂದ ಕಟ್ಟಿನ ಬೇರನ್ನು ನೆಡುವ ಉಪಾಯವೂ ಚಾಲ್ತಿಯಲ್ಲಿದೆ. ನಮ್ಮಲ್ಲಿ ಕೊತ್ತಂಬರಿ ಬೇರುಸಹಿತ ಮಾರಾಟವಾಗುವುದರಿಂದ ಅದು ಸಾಧ್ಯವೂ ಹೌದು. ಆದರೆ ಕೊತ್ತಂಬರಿಯದು ಆಳಕ್ಕಿಳಿಯುವ ತಾಯಿಬೇರು. ಕೀಳುವಾಗ ಅದರ ತುದಿ ತುಂಡಾಗಿರುತ್ತದೆ. ನೆಟ್ಟ ಗಿಡ ಚೇತರಿಸಿಕೊಂಡು ನಾಲ್ಕು ಎಲೆ ಬಿಟ್ಟು ಹೂದಂಟು ಎಬ್ಬಿಸುತ್ತದೆ. ನಾಲ್ಕು ಎಲೆಗಾಗಿ ಮಾಡಬಹುದು, ಬೆಳೆಯೆಂದು ನಂಬುವಂತಿಲ್ಲ. ನರ್ಸರಿಯಿಂದ ತಂದು ಬೇರೆ ಕುಂಡಕ್ಕೆ ಬದಲಿಸುವ ಸಸಿಗಳ ಕತೆಯೂ ಇದೇ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಬೇಕಾದ ಸಸ್ಯವಿದು.

ಮಣ್ಣೋ, ತೆಂಗಿನ ನಾರೋ, ಬರೀ ನೀರೋ

ಜರಡಿಯಂತಹ ಬುಟ್ಟಿಯಲ್ಲಿ ಧನಿಯಾ ಹರಡಿ, ಕೆಳಗೆ ನೀರಿನ ಬೋಗುಣಿಯಿಟ್ಟು, ಮಣ್ಣಿಲ್ಲದೆ ಬೆಳೆಯುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಮೊಳಕೆ ಚೆನ್ನಾಗಿ ಬರುತ್ತದೆ, ಬಿಳಿಯ ಬೇರು ಇಳಿಯುವುದನ್ನು ನೋಡುವುದು ಮನಸ್ಸಿಗೆ ಸಂತೋಷವೇ. ಎರಡು ವಾರದವರೆಗೆ ಬೀಜದೊಳಗಿನ ಆಹಾರ ಸಸಿಯನ್ನು ಸಾಕುತ್ತದೆ. ಅಲ್ಲಿಂದ ಮುಂದೆ ಬರೀ ನಲ್ಲಿಯ ನೀರಿನಲ್ಲಿ ಎಲೆ ಹಳದಿಗೆ ತಿರುಗುತ್ತದೆ. ನೀರಿನಲ್ಲೇ ಬೆಳೆಯಬೇಕೆಂದರೆ ಪೋಷಕಾಂಶದ ದ್ರಾವಣ ಬೆರೆಸಬೇಕು, ಅದರ ಪ್ರಮಾಣ ನೋಡಿಕೊಳ್ಳಬೇಕು, ನೀರು ಬದಲಿಸುತ್ತಿರಬೇಕು. ಅದು ಬೇರೆಯೇ ವಿದ್ಯೆ, ಕಲಿಯಬಯಸುವವರಿಗೆ ಒಳ್ಳೆಯದು. ಆದರೆ ಬೋಗುಣಿಯ ನೀರನ್ನು ವಾರಗಟ್ಟಲೆ ಹಾಗೇ ಬಿಡುವುದು ತೀರಾ ಅಪಾಯ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಇಂತಹ ತಿಳಿನೀರು ಒಂದು ವಾರ, ಹತ್ತು ದಿನ ನಿಂತರೆ ಸಾಕು. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಬೋಗುಣಿಯನ್ನು ಉಜ್ಜಿ ತೊಳೆಯಲು ಆಗದಿದ್ದರೆ ಈ ವಿಧಾನ ಬೇಡವೇ ಬೇಡ.

ತೆಂಗಿನ ನಾರಿನ ಪುಡಿ ಹಗುರ, ನೀರು ಹಿಡಿದಿಡುತ್ತದೆ, ಬೇರಿಗೆ ಸಡಿಲ. ಆದರೆ ಅದರಲ್ಲಿ ಉಣಿಸು ಇಲ್ಲವೆನ್ನುವಷ್ಟು ಕಡಿಮೆ. ಇಟ್ಟಿಗೆಯಂತೆ ಒತ್ತಿ ಮಾರುವ ನಾರಿನ ಪುಡಿಯಲ್ಲಿ ಉಪ್ಪಿನಂಶವೂ ಉಳಿದಿರಬಹುದು; ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿದ ಮೇಲೆಯೇ ಬಳಸಬೇಕು. ಬರೀ ಕೆಂಪುಮಣ್ಣು ಹಾಕಿದರೆ ನಾಲ್ಕು ಸಲ ನೀರು ಕುಡಿದ ಮೇಲೆ ಹೆಂಚಿನಂತೆ ಗಟ್ಟಿಯಾಗುತ್ತದೆ. ಎರೆಮಣ್ಣು ಹೊಲದಲ್ಲಿ ಚಿನ್ನ, ಕುಂಡದಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಊರಿಂದ ಪ್ರೀತಿಯಿಂದ ಒಂದು ಚೀಲ ಎರೆಮಣ್ಣು ತಂದು ಕುಂಡಕ್ಕೆ ತುಂಬಿದವಳು ನಾನು; ಅದರ ಪಾಠ ಒಂದೇ ತಿಂಗಳಲ್ಲಿ ಸಿಕ್ಕಿತು.

ಈಗ ನಾನು ನೆಚ್ಚಿರುವ ಹದ: ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೊಳೆದ ನಾರಿನ ಪುಡಿ. ಕಳಿಯದ ಸಗಣಿ ಬಳಸಿದರೆ ಬೇರು ತಿನ್ನುವ ಗೊಣ್ಣೆಹುಳು ಜೊತೆಯಲ್ಲೇ ಬರಬಹುದು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು.

ನೀರಿನ ವಿಷಯದಲ್ಲಿ ಬೆಂಗಳೂರಿಗರು ಗಮನಿಸಬೇಕಾದದ್ದೊಂದಿದೆ. ಮನೆಯ ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಗಿಡಗಳಿಗೆ ಹಾಕುವುದು ಒಳ್ಳೆಯ ಅಭ್ಯಾಸವೆಂದು ಅನೇಕರು ತಿಳಿದಿದ್ದಾರೆ. ಕೊಳವೆಬಾವಿ ನೀರಿನ ಲವಣಗಳು ಆ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗಿರುತ್ತವೆ. ನೆಲ ಒರೆಸಲು ಬಳಸಿ, ಕೊತ್ತಂಬರಿಗೆ ಬೇಡ. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟತೊಡಗಿದರೆ ಅದು ಲವಣದ ಗುರುತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಬಹುದು.

ಕುಂಡ

ಇದಕ್ಕೆ ಬಹಳ ಮಾತು ಬೇಕಿಲ್ಲ. ಎಂಟು ಅಂಗುಲ ಆಳವಿದ್ದು ಬಾಯಿ ಅಗಲವಾಗಿರುವ ಏನಾದರೂ ನಡೆಯುತ್ತದೆ. ಎತ್ತರವಾಗಿ ಬಾಯಿ ಕಿರಿದಾದ ಹೂಕುಂಡ ಬೇಡ. ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನಿನ ಮಣ್ಣಿನ ಕುಂಡ ಉಸಿರಾಡುತ್ತದೆ, ಬೇರನ್ನು ತಂಪಾಗಿಡುತ್ತದೆ, ನೀರು ಹೆಚ್ಚು ಕೇಳುತ್ತದೆ. ಪ್ಲಾಸ್ಟಿಕ್ ಹಗುರ, ನೀರು ಕಡಿಮೆ ಸಾಕು, ಹೊರಗೆ ಹೋಗಿಬರುವವರಿಗೆ ಅನುಕೂಲ. ಕಪ್ಪು ಚೀಲ ಬಿಸಿಲು ಹೀರುವುದರಿಂದ ತಾರಸಿಗೆ ಒಳ್ಳೆಯದಲ್ಲ. ಹಣ್ಣಿನಂಗಡಿಯವರು ಎಸೆಯುವ ಥರ್ಮೋಕೋಲ್ ಪೆಟ್ಟಿಗೆಯ ಅಡಿಗೆ ಆರೇಳು ತೂತು ಮಾಡಿ ಬಳಸುತ್ತೇನೆ. ಶಾಖವನ್ನು ತಡೆಯುತ್ತದೆ, ಎರಡು ಮೂರು ವರ್ಷ ಬಾಳುತ್ತದೆ. ನನ್ನ ಮತ ಅದಕ್ಕೇ.

ಒಂದೇ ಕುಂಡವನ್ನು ಕಾಪಾಡುವುದೋ, ಮತ್ತೆ ಮತ್ತೆ ಬಿತ್ತುವುದೋ

ಕೊತ್ತಂಬರಿ ಬೆಳೆಯಲು ಹೊರಟವರು ತುಳಸಿಯನ್ನೋ ಕರಿಬೇವನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರಲಿ ಎಂಬ ಆಸೆ. ಕೊತ್ತಂಬರಿಗೆ ಅಷ್ಟು ಆಯುಸ್ಸಿಲ್ಲ. ಬಿತ್ತಿದ 35-40 ದಿನಕ್ಕೆ ಮೊದಲ ಕೊಯ್ಲು, ತಳಿಯೂ ಕಾಲವೂ ಒಲಿದರೆ ಮತ್ತೆರಡು, ಮೂರು ತಿಂಗಳು ಕಳೆಯುವಷ್ಟರಲ್ಲಿ ಕಾಳು. ಅದರ ಬದುಕೇ ಅಷ್ಟು. ಗೊಬ್ಬರ ಸುರಿದು, ಹೂ ಚಿವುಟಿ, ಒಂದೇ ಕುಂಡವನ್ನು ಹಿಗ್ಗಿಸಲು ಹೆಣಗುವುದರಲ್ಲಿ ನಾನು ಮೊದಲ ಎರಡು ವರ್ಷ ಕಳೆದೆ. ಮೂರನೆಯ ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಪೆಟ್ಟಿಗೆಗೆ ಬಿತ್ತತೊಡಗಿದೆ. ನಾಲ್ಕು ಪೆಟ್ಟಿಗೆಗಳ ಸರದಿ. ಒಂದು ಮೊಳೆಯುತ್ತಿರುತ್ತದೆ, ಒಂದು ಎಲೆ ಬಿಡುತ್ತಿರುತ್ತದೆ, ಒಂದನ್ನು ಕೊಯ್ಯುತ್ತಿರುತ್ತೇನೆ, ಒಂದು ಮುದಿಯಾಗಿರುತ್ತದೆ. ನಾಲ್ಕು ಜನರ ಮನೆಗೆ ನವೆಂಬರಿನಿಂದ ಮಾರ್ಚಿನವರೆಗೆ ಉಪ್ಪಿಟ್ಟಿಗೆ, ಕೋಸಂಬರಿಗೆ, ಸಾರಿಗೆ ಉದುರಿಸುವಷ್ಟು ಸೊಪ್ಪನ್ನು ಆಮೇಲೆ ಕೊಂಡದ್ದು ಕಡಿಮೆ. ಚಟ್ನಿಗೆ ಎರಡು ಕಟ್ಟು ಬೇಕಾದಾಗ ಸಂತೆಗೇ ಹೋಗುತ್ತೇನೆ. ನಾಲ್ಕು ಪೆಟ್ಟಿಗೆಯಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕೊಯ್ಯುವ ರೀತಿಯಲ್ಲೂ ಎರಡು ದಾರಿಗಳಿವೆ. ಹೊರಸುತ್ತಿನ ಎಲೆಗಳನ್ನು ಕತ್ತರಿಯಿಂದ ತೆಗೆದು ನಡುವಿನ ಸುಳಿಯನ್ನು ಉಳಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಕೊಯ್ಲಾದ ಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಜೀವಾಮೃತವನ್ನೋ (ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ದ್ರವಗೊಬ್ಬರ), ತಿಳಿಯಾದ ಸಗಣಿ ಬಗ್ಗಡವನ್ನೋ ಕೊಡಿ. ಬೇರುಸಹಿತ ಕೀಳುವುದಾದರೆ ದಟ್ಟವಾಗಿರುವ ಕಡೆಯಿಂದ ಕೀಳಿ, ಉಳಿದವಕ್ಕೆ ಜಾಗವಾಗುತ್ತದೆ. ಬಿತ್ತಿದ ಮೊದಲ ತಿಂಗಳು ಕೀಳುವುದು, ಆಮೇಲೆ ಕತ್ತರಿಸುವುದು ನನ್ನ ಪದ್ಧತಿ.

ಕೀಟದ ಕಾಟ ಹೆಚ್ಚಿಲ್ಲ. ಸಸ್ಯಹೇನು ಕಂಡರೆ ನೀರಿನ ರಭಸದಿಂದ ತೊಳೆಯುವುದು ಸಾಕು. ಎಲೆಯ ಮೇಲೆ ಬೂದಿ ಎರಚಿದಂತೆ ಬಿಳಿಯ ಪುಡಿ ಕಂಡರೆ ಅಂತಹ ಎಲೆ ಕಿತ್ತು, ಗಾಳಿಯಾಡುವ ಕಡೆಗೆ ಪೆಟ್ಟಿಗೆ ಸರಿಸಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಔಷಧ ಸಿಂಪಡಿಸುವುದಾದರೆ ಮನೆಯಲ್ಲಿ ಬೆಳೆದ ಪ್ರಯೋಜನವೇನು?

ಸೆಖೆಯ ಊರಿನವರಿಗೆ ಕಾಡುಕೊತ್ತಂಬರಿ

ಮಂಗಳೂರಿನಲ್ಲಿ ಹಗಲಿನ ಉಷ್ಣತೆ ಚಳಿಗಾಲದಲ್ಲೂ 30ರ ಮೇಲೆಯೇ ಇರುತ್ತದೆ, ಜೊತೆಗೆ ಗಾಳಿಯಲ್ಲಿ ತೇವ. ಅಲ್ಲಿರುವ ನನ್ನ ತಂಗಿ ಎಷ್ಟು ಸಲ ಬಿತ್ತಿದರೂ ಸಸಿಗಳು ಬೆರಳುದ್ದವಾಗಿ ನರಳುತ್ತಿದ್ದವು. ಅವಳ ನೆರೆಮನೆಯವರು ತೆಂಗಿನ ಬುಡದ ನೆರಳಿನಲ್ಲಿದ್ದ ಒಂದು ಗಿಡ ಕಿತ್ತುಕೊಟ್ಟರು. ಗೇಣುದ್ದದ, ಗರಗಸದ ಅಂಚಿನ ಎಲೆ. ಮುರಿದರೆ ಕೊತ್ತಂಬರಿಗಿಂತ ತೀಕ್ಷ್ಣವಾದ ಕೊತ್ತಂಬರಿಯ ಘಮ. ಕಾಡುಕೊತ್ತಂಬರಿ, ಆಫ್ರಿಕನ್ ಕೊತ್ತಂಬರಿ ಎಂದೆಲ್ಲ ಕರೆಯುತ್ತಾರೆ. ಮೂಲ ಮಾತ್ರ ಆಫ್ರಿಕವಲ್ಲ, ಅಮೆರಿಕ ಖಂಡದ ಉಷ್ಣವಲಯ. ಈಗ ಕೇರಳ, ಅಂಡಮಾನ್, ಈಶಾನ್ಯ ರಾಜ್ಯಗಳಲ್ಲೂ ಚೆನ್ನಾಗಿ ನೆಲೆಯೂರಿದೆ.

ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಸ್ವಭಾವ ಪೂರ್ತಿ ಬೇರೆ. ಕೊತ್ತಂಬರಿಗೆ ಬಿಸಿಲು, ತಂಪು ಬೇಕು. ಕಾಡುಕೊತ್ತಂಬರಿಗೆ ನೆರಳು, ತೇವ, ಬೆಚ್ಚನೆಯ ಹವೆ. ಅದರದು ಮೂರು ತಿಂಗಳ ಬದುಕು; ಇದು ಒಮ್ಮೆ ಬೇರೂರಿದರೆ ವರ್ಷ ದಾಟಿಯೂ ಎಲೆ ಕೊಡುತ್ತದೆ, ಪಕ್ಕದಲ್ಲಿ ಮರಿಗಿಡಗಳನ್ನು ಎಬ್ಬಿಸುತ್ತದೆ. ಬೀಜದಿಂದ ಬೆಳೆಸುವುದು ನಿಧಾನ, ಮರಿಗಿಡ ಕೇಳಿ ತರುವುದೇ ಸುಲಭ. ನಡುವಿನಿಂದ ಮುಳ್ಳುಮುಳ್ಳಾದ ಹೂದಂಟು ಎದ್ದ ಕೂಡಲೇ ಬುಡಕ್ಕೆ ಕತ್ತರಿಸುತ್ತಿದ್ದರೆ ಎಲೆ ಬರುತ್ತಲೇ ಇರುತ್ತದೆ.

ಅಡುಗೆಯಲ್ಲಿ ಮಾತ್ರ ಇದನ್ನು ಅದರಂತೆ ಬಳಸಲಾಗದು. ಎಲೆ ಒರಟು, ಹಸಿಯಾಗಿ ಮೇಲೆ ಉದುರಿಸಿದರೆ ಬಾಯಿಗೆ ಸಿಕ್ಕಿ ಕಿರಿಕಿರಿಯಾಗುತ್ತದೆ. ಆದರೆ ಕುದಿಯಲ್ಲಿ ಕೊತ್ತಂಬರಿಯ ಘಮ ಆರಿಹೋಗುವಂತೆ ಇದರದು ಆರುವುದಿಲ್ಲ. ಆದ್ದರಿಂದ ಸಾರಿಗೆ, ಗಸಿಗೆ, ರುಬ್ಬುವ ಚಟ್ನಿಗೆ ಹೇಳಿ ಮಾಡಿಸಿದಂತಿದೆ. ಒಂದು ಹಿಡಿ ಕೊತ್ತಂಬರಿಯ ಕೆಲಸವನ್ನು ಎರಡು ಎಲೆ ಮಾಡುತ್ತವೆ. ಕೋಸಂಬರಿಗೆ, ಚುರುಮುರಿಗೆ, ಗಿರ್ಮಿಟ್ಟಿಗೆ ಕೊತ್ತಂಬರಿಯೇ ಬೇಕು, ಅಲ್ಲಿ ರಾಜಿಯಿಲ್ಲ. ಕರಾವಳಿಯವರು, ಮಲೆನಾಡಿನ ಮಳೆಯವರು, ನಗರದಲ್ಲಿ ಉತ್ತರದ ಬಾಲ್ಕನಿಯವರು ಕಾಡುಕೊತ್ತಂಬರಿಯಿಂದಲೇ ಆರಂಭಿಸಲಿ. ನಾನೂ ತಂಗಿಯಿಂದ ಒಂದು ಮರಿಗಿಡ ತಂದು ಸ್ನಾನದಮನೆಯ ಕಿಟಕಿಯ ಹೊರಗಿಟ್ಟಿದ್ದೇನೆ. ಮಾರ್ಚಿನಿಂದ ಮೇ ತನಕ ನಮ್ಮ ಸಾರಿಗೆ ಅದೇ.

ಪೆಟ್ಟಿಗೆಗಳ ಸರದಿಯಲ್ಲಿ ಕೊನೆಯದನ್ನು ಶಿವರಾತ್ರಿಯ ನಂತರ ಕೀಳದೆ ಬಿಡುತ್ತೇನೆ. ಬಿಳಿಯ ಹೂಗೊಂಚಲಿಗೆ ಜೇನುನೊಣಗಳೂ ಸಣ್ಣ ಹೂನೊಣಗಳೂ ಬರುತ್ತವೆ. ಕಾಯಿ ಹಸಿರಾಗಿರುವಾಗ ಒಂದಿಷ್ಟು ಬಿಡಿಸಿ ಚಟ್ನಿಗೆ ಹಾಕಿದರೆ ಎಲೆ ಮತ್ತು ಧನಿಯಾ ಎರಡರ ರುಚಿಯೂ ಒಂದೇ ತುತ್ತಿನಲ್ಲಿ ಸಿಗುತ್ತದೆ. ಇದು ಸಂತೆಯಲ್ಲಿ ಕೊಳ್ಳಲು ಸಿಗುವುದು ಅಪರೂಪ. ಉಳಿದದ್ದು ಒಣಗಿದ ಮೇಲೆ, ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟ ಎರಡು ಮೂರು ಗಿಡಗಳ ಕಾಳನ್ನಷ್ಟೇ ಬೇರೆ ತೆಗೆದು, ಕಾಗದದ ಪೊಟ್ಟಣದಲ್ಲಿ ಕಟ್ಟಿ, ದಿನಾಂಕ ಬರೆದು ಆಯುಧಪೂಜೆಯವರೆಗೆ ಎತ್ತಿಡುತ್ತೇನೆ.